ಬೀರುವಿನೊಳಗೇ ಹಾಳಾಗೋ ಸೀರೆಗಳು

ನಮಸ್ಕಾರ ಕೇಳುಗರೇ. ಮದುವೆ ಸೀಸನ್ ಬಂತಲ್ಲ, ಬೀರು ಬಾಗಿಲು ತೆಗೆದು ರೇಷ್ಮೆ ಸೀರೆಗಳನ್ನ ಹೊರಗೆ ಹಾಕೋ ಟೈಮು. ಆಗಲೇ ಗೊತ್ತಾಗೋದು ನೋಡಿ, ಉಟ್ಟಿದ್ದೇ ಎರಡು ಸಲ, ಮಡಿಕೆ ಬಿಚ್ಚಿದ್ರೆ ಗೆರೆ ಗೆರೆಗೂ ಸೀಳಿ ಬಿಟ್ಟಿದೆ, ಜರಿ ಕಪ್ಪಿಟ್ಟಿದೆ, ಅಯ್ಯೋ ಇಷ್ಟು ಜೋಪಾನವಾಗಿ ಇಟ್ಟಿದ್ನಲ್ಲ ಅಂತ ಒದ್ದಾಟ. ನನ್ನ ಕೇಳಿದ್ರೆ, ಕೈಮಗ್ಗದ ರೇಷ್ಮೆ ಸೀರೆ ಉಟ್ಟು ಹಾಳಾಗೋದಕ್ಕಿಂತ ಇಟ್ಟು ಹಾಳಾಗೋದೇ ಜಾಸ್ತಿ. ಯಾಕೆ ಅಂತ ತಿಳೀಬೇಕು ಅಂದ್ರೆ ಅದನ್ನ ನೇಯೋದು ಹೇಗೆ ಅಂತ ಸ್ವಲ್ಪ ನೋಡಬೇಕು.

ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀರೇನೇ ತಗೊಳ್ಳಿ. ಆಂಧ್ರದ ಗಡಿಗೆ ಅಂಟಿಕೊಂಡಿರೋ ಸಣ್ಣ ಊರು, ಆದ್ರೆ ಅಲ್ಲಿನ ಸೀರೆಗೆ ಜಿಐ, ಅಂದ್ರೆ ಆ ಊರಿನದ್ದೇ ವಿಶೇಷ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಂಚನ್ನ ಒಡಲಿಗೆ ಜೋಡಿಸಿ ನೇಯೋದಕ್ಕೆ ಅಲ್ಲಿ ಕುಟ್ಟು ಬಾರ್ಡರ್ ಅಂತಾರೆ, ಕಾಂಚೀಪುರದಲ್ಲಿ ಕೊರ್ವೈ ಅಂತಾರೆ, ಕೆಲಸ ಹೆಚ್ಚು ಕಮ್ಮಿ ಒಂದೇ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ, ಅಡ್ಡ ನೂಲು ಹೊತ್ತು ಓಡೋ ಲಾಳಿ ಒಂದೇ ಇದ್ದು ಈ ತುದಿಯಿಂದ ಆ ತುದಿಗೆ ಓಡಿದ್ರೆ ಒಡಲಿನ ನೂಲು ಅಂಚಿನೊಳಗೂ ನುಗ್ಗಿ ಬಣ್ಣ ಕಲಸಿ ಹೋಗುತ್ತೆ. ಅದಕ್ಕೇ ಮೂರು ಲಾಳಿ. ಎರಡು ಅಂಚಿಗೆ ಒಂದೊಂದು, ನಡುವಿನ ಒಡಲಿಗೆ ಒಂದು. ಪ್ರತಿ ಎಳೆಗೂ ಅಂಚಿನ ನೂಲು ಬಂದು ಒಡಲಿನ ನೂಲಿಗೆ ಕೊಂಡಿ ಹಾಕ್ಕೊಂಡು ವಾಪಸ್ ಹೋಗಬೇಕು, ಒಬ್ಬರ ಕೈಲಿ ಆಗದೆ ಎಷ್ಟೋ ಕಡೆ ಪಕ್ಕದಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿ ಕೊಡ್ತಾ ಇರ್ತಾರೆ. ನಿಮ್ಮ ಮನೇಲಿ ಅಂಥ ಸೀರೆ ಇದ್ರೆ ತಿರುವಿ ಹಿಂಭಾಗ ನೋಡಿ, ಅಂಚು ಒಡಲು ಸೇರೋ ಜಾಗದಲ್ಲಿ ಬೆರಳಿಗೆ ಸಣ್ಣ ಏಣು ಸಿಗುತ್ತೆ. ಗಟ್ಟಿ ಜೋಡಣೆಯೇ, ಆದ್ರೂ ಎಳೆದಾಟ ಆದಾಗ ಮೊದಲು ನೋವು ತಿನ್ನೋದು ಆ ಜಾಗಾನೇ. ಅದಕ್ಕೇ ಭಾರೀ ಜರಿ ಸೀರೇನ ಹ್ಯಾಂಗರಿಗೆ ನೇತು ಹಾಕಿ ವರ್ಷಗಟ್ಟಲೆ ಬಿಡಬೇಡಿ ಅನ್ನೋದು, ಅದರ ತೂಕಾನೇ ಅದನ್ನ ಜಗ್ಗಿಸುತ್ತೆ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಜೋಡಣೆ ಸೆರಗಲ್ಲಿ. ಸೆರಗಿನ ಹಾಸು, ಅಂದ್ರೆ ಮಗ್ಗದ ಉದ್ದಕ್ಕೆ ಬಿಗಿಯೋ ನೂಲು, ಬೇರೆ, ಒಡಲಿನ ಹಾಸು ಬೇರೆ, ಎರಡನ್ನೂ ಮಗ್ಗದ ಮೇಲೇ ಕುಣಿಕೆ ಕುಣಿಕೆಯಾಗಿ ಸಿಕ್ಕಿಸಿ ನೇಯ್ತಾರೆ, ತೋಪು ತೆನಿ ಅಂತಾರೆ ಅದಕ್ಕೆ. ಹಾಗಾಗಿ ಒಂದೊಂದು ಸೀರೆಗೂ ಹಾಸು ಹೊಸದಾಗಿ ಹೂಡಬೇಕು. ರೇಟು ಕೇಳಿ ಮೂಗು ಮುರಿಯೋರು ಒಂದು ಸಲ ಆ ಮಗ್ಗದ ಮನೆಗೆ ಹೋಗಿ ಬರಬೇಕು.

ಇನ್ನು ಜರಿ. ಅಸಲಿ ಜರಿ ಅಂದ್ರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಮೇಲೆ ಚಿನ್ನದ ಲೇಪ. ಕಾಂಚೀಪುರದ ಜಿಐ ಗುಣಮಟ್ಟದಲ್ಲಿ ಬೆಳ್ಳಿ ಶೇ 57, ಚಿನ್ನ ಶೇ 0.6 ಅಂತ ಇದೆ. ಅಂದ ಮೇಲೆ ನಿಮ್ಮ ದೇವರ ಮನೆಯ ಬೆಳ್ಳಿ ದೀಪ ಯಾಕೆ ಕಪ್ಪಾಗುತ್ತೋ ಸೀರೆ ಜರೀನೂ ಅದಕ್ಕೇ ಕಪ್ಪಾಗೋದು, ಗಾಳಿಯಲ್ಲಿರೋ ಗಂಧಕ, ಬೆವರು, ತೇವ. ಸೆಂಟು ಹೊಡೆಯೋದಿದ್ರೆ ಸೀರೆ ಉಡೋಕೆ ಮುಂಚೆ ಮೈಗೆ ಹೊಡ್ಕೊಳ್ಳಿ, ಉಟ್ಟ ಮೇಲೆ ಜರಿ ಮೇಲೆ ಬೇಡ. ಅಂಗಡಿಯೋರು ಕೊಟ್ಟ ಪ್ಲಾಸ್ಟಿಕ್ ಕವರ್ ಮನೆಗೆ ಬಂದ ದಿನವೇ ತೆಗೀರಿ, ಒಳಗೆ ತೇವ ಕೂತ್ಕೊಳ್ಳುತ್ತೆ. ಹಳೇ ಕಾಟನ್ ಪಂಚೆ, ಬಿಳೀದು, ಚೆನ್ನಾಗಿ ಒಗೆದದ್ದು, ಅದರಲ್ಲಿ ಸುತ್ತಿಡಿ ಸಾಕು, ಅಜ್ಜಿಯರು ಮಾಡ್ತಿದ್ದದ್ದೂ ಅದೇ ತಾನೆ.

ಮಡಿಕೆ ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಮೂರು ನಾಲ್ಕು ತಿಂಗಳಿಗೊಂದು ಸಲ ಸೀರೆ ಬಿಚ್ಚಿ, ನೆರಳಲ್ಲಿ ಒಂದೆರಡು ಗಂಟೆ ಗಾಳಿಗೆ ಹಾಕಿ, ಆಮೇಲೆ ಬೇರೆ ಜಾಗದಲ್ಲಿ ಗೆರೆ ಬರೋ ಹಾಗೆ ಮಡಚಿ. ಅದೇ ಗೆರೆ ಮೇಲೆ ಜರಿ ವರ್ಷಾನುಗಟ್ಟಲೆ ಬಗ್ಗಿ ಕೂತಿದ್ರೆ ಲೋಹ ಅಲ್ವಾ, ಮುರಿಯುತ್ತೆ, ಜೊತೆಗೆ ರೇಷ್ಮೇನೂ ಕತ್ತರಿಸುತ್ತೆ. ಜರಿ ಇರೋ ಕಡೆ ಒಳಗೆ ಬರಲಿ, ಒಂದರ ಜರಿ ಇನ್ನೊಂದಕ್ಕೆ ಸಿಕ್ಕಿ ಎಳೆ ಕೀಳಲ್ಲ. ಬಿಸಿಲಿಗೆ ಹಾಕ್ಬೇಡಿ, ಬಣ್ಣ ಹೋಗುತ್ತೆ.

ರೇಷ್ಮೆ ಅಂದ್ರೆ ಪ್ರೋಟೀನು, ನಮ್ಮ ಕೂದಲಿನ ಜಾತಿ. ಹುಳ ತಿನ್ನೋದೂ ಅದಕ್ಕೇ, ಬಟ್ಟೆ ಸೋಪಿನ ಕ್ಷಾರಕ್ಕೆ ಕೆಡೋದೂ ಅದಕ್ಕೇ. ಪಾಲಿಶ್ ಮಾಡಿಸಿ ಗಂಜಿ ಹಾಕ್ಸಿ ಎತ್ತಿಟ್ರಂತೂ ಹುಳಕ್ಕೆ ಕರೆದು ಎಲೆ ಹಾಕಿದ ಹಾಗೆ. ಗಂಜಿ, ಪಾಲಿಶ್ ಏನಿದ್ರೂ ಉಡೋ ಮುಂಚೆ. ನುಸಿಗುಳಿಗೆ ಹಾಕ್ತೀರಾದ್ರೆ ಬಟ್ಟೆಗೆ ತಾಗದ ಹಾಗೆ ಮೂಲೇಲಿ ಒಂದು ಗಂಟು ಕಟ್ಟಿ ಇಡಿ, ಇಲ್ಲಾಂದ್ರೆ ಲಾವಂಚದ ಬೇರು, ಒಣ ಬೇವಿನೆಲೆ. ಮದುವೆ ಮನೇಲಿ ಸಾರು ಚೆಲ್ತಾ? ತಕ್ಷಣ ಒಣ ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ, ಕಲೆ ಎಲ್ಲಿ ಯಾವುದರದ್ದು ಅಂತ ಹೇಳಿ ಡ್ರೈ ಕ್ಲೀನಿಂಗಿಗೆ ಕೊಡಿ. ಇಸ್ತ್ರಿ ಮಾಡೋದು ಹಿಂಭಾಗದಿಂದ, ಮೇಲೆ ಒಂದು ಕಾಟನ್ ಬಟ್ಟೆ ಹಾಕಿ.

ಕೊಳ್ಳೋವಾಗ ಸಿಲ್ಕ್ ಮಾರ್ಕ್ ಅನ್ನೋ ಗುರುತಿನ ಚೀಟಿ ನೋಡಿ, ಆದ್ರೆ ಅದು ಹೇಳೋದು ರೇಷ್ಮೆ ಅಸಲಿ ಅಂತ ಅಷ್ಟೇ, ಕೈಮಗ್ಗದ್ದೋ ಅಲ್ವೋ ಅನ್ನೋದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ. ನಮ್ಮ ಹೆಮ್ಮೆಯ ಕೆಎಸ್‌ಐಸಿ, ಅಂದ್ರೆ ಕರ್ನಾಟಕ ಸರ್ಕಾರದ ರೇಷ್ಮೆ ನಿಗಮದ ಮೈಸೂರು ಸಿಲ್ಕ್ ಅಪ್ಪಟ ರೇಷ್ಮೆ, ಆದ್ರೆ ಅದು ಪವರ್‌ಲೂಮಿಂದು, ವಿದ್ಯುತ್ ಮಗ್ಗದ್ದು, ಬಹಳ ಜನಕ್ಕೆ ಇದು ಗೊತ್ತಿಲ್ಲ.

ಕೊನೇಗೆ ಒಂದು ಮಾತು, ಬೀದೀಲಿ ಹಳೇ ಜರಿ ಸೀರೆ ಕೊಳ್ತೀವಿ ಅಂತ ಕೂಗ್ಕೊಂಡು ಬರ್ತಾರಲ್ಲ, ಅವರಿಗೆ ಬೇಕಾಗಿರೋದು ಬೆಳ್ಳಿ, ಸೀರೇನ ಸುಟ್ಟು ಅದನ್ನ ತೆಗೀತಾರೆ. ಒಡಲು ಹರಿದಿದ್ರೂ ಎಷ್ಟೋ ಸಲ ಅಂಚು, ಸೆರಗು ಗಟ್ಟಿಯಾಗೇ ಇರುತ್ತೆ, ಹರಿದ ಕಡೆ ನೂಲು ಹೆಣೆದು ಸರಿಮಾಡೋ ಡಾರ್ನಿಂಗ್‌ನೋರ ಹತ್ರ ಒಂದು ಸಲ ತೋರಿಸಿ, ಆಗಲ್ಲ ಅಂದ್ರೆ ಆ ಅಂಚನ್ನ ಬಿಡಿಸಿ ಹೊಸ ಬಟ್ಟೆಗೆ ಹಚ್ಚಿಸಿ ಮಗುಗೊಂದು ಲಂಗ ಹೊಲಿಸಿ, ಅದೂ ಬೇಡ ಅನ್ನಿಸಿದ್ರೆ ಆಮೇಲೆ ಕೊಡೋದಿದ್ದೇ ಇದೆ. ನಮಸ್ಕಾರ.