ಡಿಸ್ಕಿಗೆ ತೆಂಗಿನೆಣ್ಣೆ, ಬಾವುಟಗುಡ್ಡೆಯಲ್ಲಿ ಬ್ರೇಕ್

ನಮಸ್ಕಾರ. ಈ ವೀಡಿಯೊಗೆ ಮಾತನ್ನು ಆಮೇಲೆ ಕೂತು ಸೇರಿಸುತ್ತಿದ್ದೇನೆ. ಅವತ್ತು ಮೈಕಿನಲ್ಲಿ ಬಂದದ್ದು ಬರೀ ಬ್ರೇಕಿನ ಕಿರುಚಾಟ. ಅದನ್ನು ಹಾಗೇ ಕೇಳಿಸಿದರೆ ನೀವು ಇಯರ್‌ಫೋನ್ ಕಿತ್ತು ಬಿಸಾಡುತ್ತೀರಿ.

ಇದು ಮಂಗಳೂರಿನ ಬಿಜೈ, ನಮ್ಮ ಮನೆಯ ಸಿಟೌಟ್. ತಲೆಕೆಳಗಾಗಿ ನಿಂತಿರುವುದು ನನ್ನ ಸೆಕೆಂಡ್ ಹ್ಯಾಂಡ್ ಸೈಕಲ್. ತಂದು ಎರಡು ತಿಂಗಳಾಯಿತು. ಡಿಸ್ಕ್ ಬ್ರೇಕ್ ಉಂಟು ಅಂತ ಹೇಳಿ ಕೊಟ್ಟಿದ್ದರು. ಉಂಟು ಅಂತ ಮಾತ್ರ ಹೇಳಬಹುದು, ಹಿಡಿಯುತ್ತಿರಲಿಲ್ಲ. ಚಕ್ರದ ನಡುವೆ ಇರುವ ಲೋಹದ ತಟ್ಟೆಯೇ ಡಿಸ್ಕ್, ಅದನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಭಾಗ ಕ್ಯಾಲಿಪರ್. ಹಿಂದಿನ ಚಕ್ರದ ಕ್ಯಾಲಿಪರ್ ತುಕ್ಕು ಹಿಡಿದು ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಹಾಗಾಗಿ ಎರಡೂ ಕಡೆ ಹೊಸ ಕ್ಯಾಲಿಪರ್, ಹೊಸ 160 ಮಿಲಿಮೀಟರ್ ಡಿಸ್ಕ್, ಹೊಸ ಕೇಬಲ್.

ಹಳೆಯ ರಬ್ಬರ್ ಬ್ರೇಕೇ ಸಾಕಲ್ವಾ ಅಂತ ನೀವು ಕೇಳುತ್ತೀರಿ. ಘಟ್ಟದ ಮೇಲಿನವರಿಗೆ ಸಾಕು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಚೀಚೆ ಮಳೆ. ಒದ್ದೆ ರಿಮ್ಮಿನ ಮೇಲೆ ರಬ್ಬರ್ ಮೊದಲು ನೀರು ಒರೆಸುತ್ತದೆ, ಆಮೇಲೆ ಯೋಚನೆ ಮಾಡಿ ಹಿಡಿಯುತ್ತದೆ. ಅಷ್ಟರಲ್ಲಿ ಎದುರಿನ ಸಿಟಿ ಬಸ್ಸು ನಿಂತಾಗಿರುತ್ತದೆ. ಮೇಲಿಂದ ಮರಳು ಬೇರೆ, ರಿಮ್ಮನ್ನೇ ತಿಂದು ಹಾಕುತ್ತದೆ. ಡಿಸ್ಕ್ ನೆಲದಿಂದ ಮೇಲೆ, ಹಬ್ಬಿನ ಹತ್ತಿರ ಇರುವುದರಿಂದ ಆ ಕೆಸರು ಅಷ್ಟಾಗಿ ತಾಗುವುದಿಲ್ಲ.

ಕೇಬಲ್ ಬದಲು ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಯಾಕೆ ಹಾಕಲಿಲ್ಲ? ಬೇಡ. ನನಗೆ ಕೇಬಲ್ಲೇ ಸರಿ. ಕೇಬಲ್ ತುಂಡಾದರೆ ಯಾವ ಊರಿನ ಸೈಕಲ್ ಅಂಗಡಿಯಲ್ಲೂ ಹಾಕಿ ಕೊಡುತ್ತಾರೆ. ಹೈಡ್ರಾಲಿಕ್‌ನಲ್ಲಿ ಗಾಳಿ ಸೇರಿದರೆ ಸಿರಿಂಜು, ಎಣ್ಣೆ, ಟ್ಯೂಬು ಹಿಡಿದುಕೊಂಡು ಕೂರಬೇಕು. ಡಾಕ್ಟರ್ ಕೆಲಸ.

ಡಿಸ್ಕ್ ಹಾಕುವುದು ಕಾಣುತ್ತಿದೆ, ವೇಗ ಹೆಚ್ಚಿಸಿದ್ದೇನೆ. ಆರು ಬೋಲ್ಟು. ಒಂದರ ಪಕ್ಕ ಇನ್ನೊಂದನ್ನು ಬಿಗಿಯಬೇಡಿ, ಒಂದು ಬಿಗಿದ ಮೇಲೆ ಅದರ ಎದುರಿನದ್ದು. ಡಿಸ್ಕಿನ ಮೇಲೆ ಬಾಣದ ಗುರುತು ಉಂಟು, ಚಕ್ರ ಮುಂದೆ ತಿರುಗುವ ಕಡೆಗೆ ಅದು ಇರಬೇಕು. ಬೋಲ್ಟಿನ ತಲೆಯಲ್ಲಿ ನಕ್ಷತ್ರದಂಥ ತೂತು, ಟಿ25 ಕೀ ಬೇಕು. ಅಲೆನ್ ಕೀ ತುರುಕಿ ತಿರುಗಿಸಿದರೆ ತೂತು ಸವೆದು ಹೋಗುತ್ತದೆ. ಆ ಕೀ ಹುಡುಕಿಕೊಂಡು ಮೂರು ಹಾರ್ಡ್‌ವೇರ್ ಅಂಗಡಿ ಸುತ್ತಿದೆ. ಮೂರನೆಯವರು "ಅದು ಮೊಬೈಲ್ ರಿಪೇರಿಯವರ ಹತ್ರ ಕೇಳಿ" ಎಂದರು. ಮೊಬೈಲ್ ಬಿಚ್ಚುವ ಕೀಯಿಂದ ಚಕ್ರ ಬಿಚ್ಚಬೇಕಂತೆ ನಾನು.

ಈಗ ನೋಡಿ, ಇದು ಮುಖ್ಯ. ಈ ಕ್ಯಾಲಿಪರಿನಲ್ಲಿ ಎರಡು ಪ್ಯಾಡ್ ಉಂಟು. ಚಲಿಸುವುದು ಹೊರಗಿನದ್ದು ಮಾತ್ರ. ಅದು ಡಿಸ್ಕನ್ನು ತಳ್ಳುತ್ತದೆ, ಡಿಸ್ಕ್ ಚೂರು ಬಾಗಿ ಒಳಗಿನ ಪ್ಯಾಡಿಗೆ ಒರಗುತ್ತದೆ. ಒಳಗಿನದ್ದು ಸುಮ್ನೆ ಗೋಡೆಯ ಹಾಗೆ ನಿಂತಿರುತ್ತದೆ. ಹಾಗಾಗಿ ಒಳಗಿನ ಪ್ಯಾಡಿಗೂ ಡಿಸ್ಕಿಗೂ ನಡುವೆ ಜಾಗ ತೀರಾ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಡಿಸ್ಕ್ ಜಾಸ್ತಿ ಬಾಗುತ್ತದೆ, ಲಿವರ್ ಒತ್ತಿದರೆ ಸ್ಪಂಜು ಹಿಂಡಿದ ಹಾಗೆ.

"ಲಿವರ್ ಒತ್ತಿ ಹಿಡಿದು ಬೋಲ್ಟ್ ಬಿಗಿ, ತಾನಾಗಿ ಮಧ್ಯಕ್ಕೆ ಬರುತ್ತದೆ" ಅಂತ ಎಲ್ಲರೂ ಹೇಳುತ್ತಾರೆ. ಎರಡೂ ಪ್ಯಾಡ್ ಚಲಿಸುವ ಬ್ರೇಕಿಗೆ ಅದು ಸರಿ. ಇದಕ್ಕೆ ನಾನು ಮಾಡಿದ್ದೇ ಬೇರೆ. ಒಳಗಿನ ಪ್ಯಾಡಿನ ಪಕ್ಕಕ್ಕೆ ಒಂದು ವಿಸಿಟಿಂಗ್ ಕಾರ್ಡ್ ತುರುಕಿದೆ. ದಪ್ಪ ಜಾಸ್ತಿಯಾಯಿತು. ಮದುವೆ ಕಾಗದದ ಅಂಚು ಕತ್ತರಿಸಿ ನೋಡಿದೆ, ಅದು ಇನ್ನೂ ದಪ್ಪ. ಕೊನೆಗೆ ಪರ್ಸಿನಲ್ಲಿದ್ದ ಸಿಟಿ ಬಸ್ಸಿನ ಟಿಕೆಟನ್ನು ಎರಡು ಮಡಿಕೆ ಮಾಡಿ ಇಟ್ಟೆ. ಸರಿಯಾಗಿ ಕೂತಿತು! ಅದು ಇರುವಾಗಲೇ ಕ್ಯಾಲಿಪರಿನ ಎರಡು ಬೋಲ್ಟು ಬಿಗಿದು, ಟಿಕೆಟ್ ಎಳೆದು ತೆಗೆದೆ. ಚಕ್ರ ತಿರುಗಿಸಿ ಕಿವಿ ಕೊಟ್ಟೆ. ಶಬ್ದ ಇಲ್ಲ. ಈ ಶಾಟ್ ಯಾಕೆ ಓರೆ ಅಂದರೆ, ನಾನು ಮೊಬೈಲನ್ನು ತುಳಸಿಕಟ್ಟೆಗೆ ಒರಗಿಸಿಟ್ಟಿದ್ದೆ, ಅದು ಜಾರಿತು.

ಕೇಬಲ್ ವಿಷಯ ಬೇಗ ಹೇಳುತ್ತೇನೆ. ಕ್ಯಾಲಿಪರಿನ ತೋಳು ಪೂರ್ತಿ ಬಿಟ್ಟುಕೊಂಡಿರುವಾಗಲೇ ಕೇಬಲ್ ಕಟ್ಟಬೇಕು. ಲಿವರ್ ಹತ್ತಿರದ ಅಡ್ಜಸ್ಟರ್ ತಿರುಗಿಸಿ ತಿರುಗಿಸಿ ತೋಳನ್ನು ಮೊದಲೇ ಅರ್ಧಕ್ಕೆ ಎಳೆದಿಟ್ಟರೆ, ಉಳಿದ ಅರ್ಧದಲ್ಲಿ ಬ್ರೇಕಿಗೆ ಬಲ ಸಾಲುವುದಿಲ್ಲ. ಪ್ಯಾಡ್ ಸವೆದರೆ ಪ್ಯಾಡನ್ನೇ ತಿರುಪಿನಿಂದ ಮುಂದೆ ತನ್ನಿ, ಕೇಬಲ್ ಎಳೆಯಬೇಡಿ. ಹಾಂ, ಗೇರಿನ ಔಟರ್, ಅಂದರೆ ಕೇಬಲ್ಲಿನ ಹೊರಗಿನ ಕೊಳವೆ, ಉಳಿದಿದೆ ಅಂತ ಬ್ರೇಕಿಗೆ ಹಾಕಬೇಡಿ. ಅದರೊಳಗಿನ ತಂತಿಗಳು ಉದ್ದುದ್ದಕ್ಕೆ ಇರುತ್ತವೆ. ಜೋರಾಗಿ ಹಿಡಿದಾಗ ಸೀಳಿ ಹೋಗಬಹುದು.

ಇಷ್ಟಾಗುವಾಗ ರಾತ್ರಿ ಎಂಟೂವರೆ. ಬ್ರೇಕ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಹೊಸ ಪ್ಯಾಡಿನ ಹಿಡಿತ ಪಳಗಿಸುವುದು ಬೆಳಿಗ್ಗೆ ಅಂತ ಸೈಕಲ್ಲನ್ನು ಒಳಗಿಟ್ಟು ಮಲಗಿದೆ.

ಈಗ ಬರುವ ಶಾಟ್ ಬೆಳಿಗ್ಗೆ ಐದೂ ಮುಕ್ಕಾಲಿನದ್ದು. ನಮ್ಮ ಓಣಿ. ಹೊರಟೆ, ಹತ್ತು ಸಲ ಪೆಡಲ್ ತುಳಿದೆ, ಬ್ರೇಕ್ ಹಿಡಿದೆ. ಹಿಡಿದದ್ದು ನಾನು ಮಾತ್ರ. ಸೈಕಲ್ ಹೋಗುತ್ತಲೇ ಉಂಟು. ಜೊತೆಗೆ ಆ ಶಬ್ದ! ಓಣಿಯ ನಾಯಿಗಳೆಲ್ಲ ಎದ್ದವು. ಪಕ್ಕದ ಮನೆಯ ಅಕ್ಕ ಗೇಟಿಗೆ ಬಂದು "ದಾದ ಆಂಡ್?" ಎಂದು ಕೇಳಿದರು. ಎಂತ ಆಯಿತು ಅಂತ ನನಗೂ ಗೊತ್ತಿರಲಿಲ್ಲ. ಹೊಸ ಪ್ಯಾಡ್ ಅಲ್ವಾ, ಪಳಗಬೇಕು, ಅಂತ ಸಮಾಧಾನ ಮಾಡಿಕೊಂಡು ಮತ್ತೆ ಮತ್ತೆ ಹಿಡಿದೆ. ಹದಿನೈದನೇ ಸಲಕ್ಕೆ ಒಂದು ಪರಿಮಳ ಬಂತು. ಹಲಸಿನ ಹಪ್ಪಳ ಕರಿದ ಪರಿಮಳ. ಇಷ್ಟು ಬೆಳಿಗ್ಗೆ ಯಾರಪ್ಪ ಹಪ್ಪಳ ಕರಿಯುವುದು ಅಂತ ಸುತ್ತ ನೋಡಿದೆ. ಎಲ್ಲ ಮನೆಯ ಕಿಟಕಿಯೂ ಮುಚ್ಚಿತ್ತು. ಬಗ್ಗಿ ಮೂಸಿದೆ. ನನ್ನ ಬ್ರೇಕೇ!

ಮನೆಗೆ ಬಂದರೆ ಅಪ್ಪ ಚಾ ಕುಡಿಯುತ್ತಾ ಕೂತಿದ್ದಾರೆ. "ಹೇಗುಂಟು ಮಗಾ? ನಿನ್ನೆ ರಾತ್ರಿ ಸ್ವಲ್ಪ ಎಣ್ಣೆ ಉಜ್ಜಿದೆ. ಕಬ್ಬಿಣ ಅಲ್ವಾ, ಮಳೆಗಾಲ ಬಂತು, ತುಕ್ಕು ಹಿಡೀತದೆ."

ಸ್ವಲ್ಪ ಅಂದರೆ ಎಷ್ಟು ಗೊತ್ತಾ? ಬಟ್ಟೆ ಚೂರನ್ನು ಎಣ್ಣೆಯಲ್ಲಿ ಅದ್ದಿ, ಎರಡೂ ಡಿಸ್ಕಿಗೆ, ಎರಡೂ ಬದಿಗೆ. ಮೇಲಿಂದ ಕ್ಯಾಲಿಪರಿನ ಸಂದಿಗೆ ನಾಲ್ಕು ನಾಲ್ಕು ಹನಿ. ಒಳ್ಳೆಯ ಗಾಣದ ಎಣ್ಣೆ. ಅಪ್ಪನಿಗೆ ಜಗತ್ತಿನ ಎಲ್ಲ ಸಮಸ್ಯೆಗೂ ತೆಂಗಿನೆಣ್ಣೆಯೇ ಮದ್ದು. ಗೇಟಿನ ಬಿಜಾಗರಿಗೆ ಅದೇ, ಹೊಲಿಗೆ ಮಿಷನ್ನಿಗೆ ಅದೇ, ಕೊಡೆಯ ಕಡ್ಡಿಗೆ ಅದೇ, ತುರಿಮಣೆಗೆ ಅದೇ, ನನ್ನ ಮಂಡೆಗೂ ಅದೇ. ಈಗಿನ ರೇಟಿಗೆ ತೆಂಗಿನೆಣ್ಣೆ ಏನು ಅಗ್ಗವಾ? "ಅಪ್ಪ, ಅದು ಸ್ಟೇನ್‌ಲೆಸ್ ಸ್ಟೀಲ್, ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ" ಎಂದೆ. "ಹಾಗಾದರೆ ಎಣ್ಣೆಯಿಂದ ಹಾಳೂ ಆಗುವುದಿಲ್ಲ ಅಲ್ವಾ" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಡಿಸ್ಕಿನ ಮಟ್ಟಿಗೆ ಅವರು ಹೇಳಿದ್ದು ಸರಿ.

ಹಾಳಾಗುವುದು ಪ್ಯಾಡ್. ನನ್ನದು ರೆಸಿನ್ ಪ್ಯಾಡ್, ಅಂದರೆ ರಾಳದಂಥ ಅಂಟಿನಲ್ಲಿ ಪುಡಿ ಸೇರಿಸಿ ಮಾಡಿದ್ದು. ಎಣ್ಣೆಯನ್ನು ಗೋಳಿಬಜೆಯ ಹಾಗೆ ಹೀರಿಕೊಳ್ಳುತ್ತದೆ. ಡಿಸ್ಕನ್ನು ಒರೆಸಿದರೆ ಮುಗಿಯಿತು, ಪ್ಯಾಡಿನ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಬರುತ್ತದೆ ಅಂತ ಹೇಳುವವರ ಮಾತು ಕೇಳಿ ನಾನು ಒಂದು ದಿನ ಹಾಳು ಮಾಡಿದೆ. ಮೊದಲು ಪಾತ್ರೆ ತೊಳೆಯುವ ಸೋಪು. ಏನೂ ಆಗಲಿಲ್ಲ. ಆಮೇಲೆ ಸ್ಯಾಂಡ್ ಪೇಪರ್ ಉಜ್ಜಿದೆ. ಮೇಲಿನ ಪದರ ಹೋಯಿತು, ಎರಡು ಸಲ ಸ್ವಲ್ಪ ಹಿಡಿಯಿತು, ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮತ್ತೆ ಮೇಲೆ ಬಂತು. ಆಮೇಲೆ ಸುಟ್ಟು ನೋಡುವ ಅಂತ ಅಡುಗೆ ಮನೆಗೆ ಹೋದೆ. ಅಮ್ಮ ಬಾಗಿಲಲ್ಲೇ ತಡೆದರು. "ಅದು ನೀರ್ ದೋಸೆಯ ಕಾವಲಿ. ಮುಟ್ಟಿದರೆ ನೋಡು." ಕಾವಲಿ ಬಿಟ್ಟು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಮೇಲೆ ಇಟ್ಟೆ. ಎಣ್ಣೆ ಗುಳ್ಳೆ ಗುಳ್ಳೆಯಾಗಿ ಬಂತು, ಹೊಗೆ ಬಂತು, ಒಂದು ಪ್ಯಾಡ್ ಬಿರುಕು ಬಿಟ್ಟಿತು. ನೀವು ಮಾಡಬೇಡಿ. ಆ ಹೊಗೆಯೂ ಒಳ್ಳೆಯದಲ್ಲ, ಬಿರುಕು ಬಿಟ್ಟ ಪ್ಯಾಡ್ ಹಾಕಿಕೊಂಡು ಇಳಿಜಾರಿಗೆ ಹೋಗುವುದು ಇನ್ನೂ ಒಳ್ಳೆಯದಲ್ಲ.

ಹೊಸ ಪ್ಯಾಡು, ಎರಡು ಜೊತೆಗೆ 760 ರೂಪಾಯಿ. ನನಗೆ ಹೊಟ್ಟೆ ಉರಿದದ್ದು ದುಡ್ಡಿಗಲ್ಲ. ಸರಿ, ದುಡ್ಡಿಗೂ ಹೌದು. ಮೊದಲಿನ ಪ್ಯಾಡು ಒಟ್ಟು ಓಡಿದ್ದು ಇನ್ನೂರು ಮೀಟರ್. ಒಂದು ಮೀಟರಿಗೆ ಮೂರು ರೂಪಾಯಿ ಎಂಬತ್ತು ಪೈಸೆ ಬಿತ್ತು. ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿಯೂ ಹೀಗೆ ತಗೊಳ್ಳುವುದಿಲ್ಲ. ಮೇಲಿಂದ ಇಲ್ಲಿನ ಅಂಗಡಿಯಲ್ಲಿ ಸಿಕ್ಕಿದ ಪ್ಯಾಡಿನ ಆಕಾರ ಬೇರೆ. ಒಂದೊಂದು ಕ್ಯಾಲಿಪರಿಗೆ ಒಂದೊಂದು ಆಕಾರ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ, ಐದು ದಿನ. ಆ ಐದು ದಿನವೂ ಅಪ್ಪ ನನ್ನ ಹತ್ತಿರ ತುಂಬಾ ಪ್ರೀತಿಯಿಂದ ಮಾತಾಡಿದರು. ಒಂದು ಸಂಜೆ ಗಡ್‌ಬಡ್ ಐಸ್ ಕ್ರೀಮೂ ಕೊಡಿಸಿದರು. ಅದರ ಬಿಲ್ಲು ನೋಡಿ ಮತ್ತೆ ಪ್ಯಾಡಿನ ನೆನಪಾಯಿತು.

ಡಿಸ್ಕಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆ. ಮೂರು ಸಲ, ಮೂರೂ ಸಲ ಬೇರೆ ಬಟ್ಟೆ. ಒಂದೇ ಬಟ್ಟೆಯಲ್ಲಿ ಒರೆಸಿದರೆ ಎಣ್ಣೆಯನ್ನು ಅಲ್ಲಿಂದ ಇಲ್ಲಿಗೆ ದಾಟಿಸಿದ ಹಾಗಾಯಿತು ಅಷ್ಟೆ. ಕ್ಯಾಲಿಪರಿನ ಒಳಗೂ ಒರೆಸಿ. ಹೊಸ ಪ್ಯಾಡನ್ನು ಅಂಚಿನಲ್ಲಿ ಹಿಡಿದು ಹಾಕಿ. ಮಂಡೆಗೆ ಎಣ್ಣೆ ಹಾಕಿದ ಕೈ ಬೇಡ.

ಇದು ಬಾವುಟಗುಡ್ಡೆ. ಆದಿತ್ಯವಾರ, ಬೆಳಿಗ್ಗೆ ಐದೂವರೆ. ಜ್ಯೋತಿ ಸರ್ಕಲ್ ಕಡೆಯಿಂದ ಬಂದು ಹಂಪನಕಟ್ಟೆಗೆ ಇಳಿಯುವ ರಸ್ತೆ. ಎಂಟು ಗಂಟೆಯ ನಂತರ ಇಲ್ಲಿ ಇದೆಲ್ಲ ಮಾಡಲು ಬಂದರೆ ನಿಮ್ಮನ್ನು ಯಾರೂ ಬಿಡುವುದಿಲ್ಲ. ಓಣಿಯ ಸಮತಟ್ಟಿನಲ್ಲಿ ಪಳಗಿಸುವ ಮೊದಲ ಸುತ್ತು ಮುಗಿಸಿ ಬಂದಿದ್ದೇನೆ. ಗಂಟೆಗೆ 20 ಕಿಲೋಮೀಟರ್ ವೇಗ, ಅಲ್ಲಿಂದ ನಡೆಯುವಷ್ಟು ನಿಧಾನಕ್ಕೆ ಇಳಿಸುವುದು, ಬ್ರೇಕ್ ಬಿಡುವುದು, ಮತ್ತೆ ತುಳಿಯುವುದು. ಒಂದೊಂದು ಬ್ರೇಕಿಗೆ 20 ಸಲ, ಒಂದೊಂದೇ ಬ್ರೇಕ್. ಚಕ್ರ ಜಾರಬಾರದು, ಪೂರ್ತಿ ನಿಲ್ಲಲೂಬಾರದು.

ಯಾಕೆ ನಿಲ್ಲಬಾರದು? ಬಿಸಿಗೆ ಪ್ಯಾಡಿನ ತೆಳುವಾದ ಒಂದು ಪದರ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಆ ಪದರ ಸುತ್ತಲೂ ಒಂದೇ ಸಮ ಬರಬೇಕು. ಬಿಸಿ ಪ್ಯಾಡನ್ನು ಒಂದೇ ಜಾಗದಲ್ಲಿ ಒತ್ತಿ ನಿಂತರೆ ಅಲ್ಲಿ ಮಾತ್ರ ದಪ್ಪ ಕಲೆ ಕೂರುತ್ತದೆ. ಆಮೇಲೆ ಬ್ರೇಕ್ ಹಿಡಿದಾಗೆಲ್ಲ ಆ ಜಾಗಕ್ಕೆ ಬಂದಾಗ ನಡುಗುತ್ತದೆ.

ಈ ಗುಡ್ಡೆಗೆ ಬಾವುಟ ಅಂತ ಯಾಕೆ ಹೆಸರು ಗೊತ್ತಾ? 1837ರಲ್ಲಿ ಸುಳ್ಯದ ಕಡೆಯಿಂದ ಬಂದ ರೈತರು ಇಲ್ಲಿ ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದರು. ಮಂಗಳೂರು 13 ದಿನ ಅವರ ಕೈಯಲ್ಲಿತ್ತು. ಮುಂದಾಳು ಕೆದಂಬಾಡಿ ರಾಮಯ್ಯ ಗೌಡರು, ಅವರ ಪ್ರತಿಮೆಯನ್ನು 2022ರಲ್ಲಿ ಇಲ್ಲಿ ಇಟ್ಟರು. ಸುಳ್ಯದಿಂದ ಅಷ್ಟು ದೂರ, ಆಗ ಈ ರಸ್ತೆಯೂ ಇಲ್ಲ, ಹೊಳೆ ದಾಟಿ... ಅಯ್ಯೋ, ಇಳಿಜಾರು ಶುರುವಾಯಿತು.

ಎರಡನೇ ಸುತ್ತು. ವೇಗ ಜಾಸ್ತಿ, ಸಂಖ್ಯೆ ಕಡಿಮೆ, ಒಂದೊಂದಕ್ಕೆ 10. ಮುಂದಿನ ಚಕ್ರದ ಬ್ರೇಕ್ ಹಿಡಿಯುವಾಗ ಸೀಟಿನಲ್ಲಿ ಹಿಂದೆ ಸರಿಯಿರಿ. ಮೂರನೇ ಸಲ, ಅಷ್ಟಕ್ಕಷ್ಟೆ. ಐದನೇ ಸಲ, ಹಾಗೇ. ನನಗೆ ಮಂಡೆ ಬಿಸಿಯಾಗಲು ಶುರು. ಏಳನೇ ಸಲಕ್ಕೆ ನೋಡಿ, ಇಲ್ಲಿ, ಕ್ಯಾಮೆರಾ ಮುಂದೆ ಬಾಗಿತು ಅಲ್ವಾ? ಹಿಡಿಯಿತು! ಇದ್ದಕ್ಕಿದ್ದಂತೆ ಯಾರೋ ಹಿಂದಿನಿಂದ ಸೆರಗು ಎಳೆದ ಹಾಗೆ. ಕೂಗಿಲ್ಲ, ಕಿರುಚಿಲ್ಲ, ಸರ್ರ್ ಅಂತ ಒಂದು ಒಣ ಶಬ್ದ. ಹಪ್ಪಳದ ಪರಿಮಳವೂ ಇಲ್ಲ.

ಆದರೆ ಐದು ಸಲ ಗುಡ್ಡೆ ಹತ್ತಿ ಇಳಿದ ಮೇಲೆ ಬೆರಳು ನೋಯುತ್ತಿದೆ. ಕೇಬಲ್ಲನ್ನು ಎಳೆಯಬೇಕಲ್ಲ, ಹಿಂದಿನದ್ದಂತೂ ಉದ್ದ, ಅರ್ಧ ಬಲ ಔಟರ್ ತಿನ್ನುತ್ತದೆ. ಮೊದಲು ಹೈಡ್ರಾಲಿಕ್ ಬೇಡ ಅಂದೆ ಅಲ್ವಾ? ಯಾರಾದರೂ ಕೊಡಿಸಿದರೆ ಬೇಡ ಅನ್ನುವುದಿಲ್ಲ. ಡಾಕ್ಟರ್ ಕೆಲಸ ಅಪ್ಪನಿಗೆ ವಹಿಸಬಹುದು. ಇಲ್ಲ, ಬೇಡ, ಅಲ್ಲೂ ಎಣ್ಣೆ ಉಂಟು, ಅವರು ಅದಕ್ಕೂ ತೆಂಗಿನೆಣ್ಣೆಯೇ ಹಾಕಿಯಾರು.

ಇಳಿದು ಬಂದ ಕೂಡಲೇ ಡಿಸ್ಕ್ ಮುಟ್ಟಬೇಡಿ, ಚರ್ಮ ಅಂಟುವಷ್ಟು ಬಿಸಿ ಇರುತ್ತದೆ. ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ.

ಇನ್ನೂ ಎರಡು ಕೆಲಸ ಬಾಕಿ. ಹೊಸ ಕೇಬಲ್ ಕೆಲವು ದಿನ ಓಡಿಸಿದ ಮೇಲೆ ಔಟರಿನಲ್ಲಿ ಕೂತು ಸಡಿಲವಾಗುತ್ತದೆ, ಒಮ್ಮೆ ಬಿಚ್ಚಿ ಎಳೆದು ಕಟ್ಟಬೇಕು. ಮುಂದಿನ ಡಿಸ್ಕ್ ಒಂದು ಸುತ್ತಿಗೆ ಒಮ್ಮೆ ಟಿಂಗ್ ಅನ್ನುತ್ತಿದೆ, ಕೇಳಿಸಿತಾ? ಎಲ್ಲೋ ಕೂದಲಷ್ಟು ಬಾಗಿದೆ. ಮನೆಗೆ ಹೋಗಿ ಸ್ವಚ್ಛ ಬಟ್ಟೆಯಲ್ಲಿ ಹಿಡಿದು ನೇರ ಮಾಡುತ್ತೇನೆ. ಲೆನ್ಸಿನ ಮೇಲೆ ಹನಿ ಬಿತ್ತು. ಮಳೆ ಬಂತು ಮಾರಾಯ್ರೆ, ಕ್ಯಾಮೆರಾ ಒಳಗೆ ಹಾಕುತ್ತೇನೆ.