ಒಂಬತ್ತು ತಿರುವಿನ ಹೊಳೆ, ಉಲ್ಟಾ ಓದಿದ ಹಾಡು

ಕೇಳುಗರಿಗೆಲ್ಲ ನಮಸ್ಕಾರ.

ಚೀನಾದ ಬೆಟ್ಟ ಅಂದ ಕೂಡಲೇ ಏನು ನೆನಪಾಗುತ್ತದೆ ಹೇಳಿ? ಮಂಜು, ಓರೆಯಾಗಿ ಬೆಳೆದ ಪೈನ್ ಮರ, ತುದಿಯಲ್ಲೊಂದು ಗುಡಿ, ಉದ್ದ ಗಡ್ಡದ ಅಜ್ಜ. ನನ್ನ ತಲೆಯಲ್ಲೂ ಅದೇ ಚಿತ್ರ ಇತ್ತು. ಆದರೆ ವೂಯಿ ಬೆಟ್ಟದಲ್ಲಿ ನನ್ನ ದಿನ ಶುರುವಾಗಿದ್ದು ತೆಪ್ಪದ ಕ್ಯೂನಲ್ಲಿ, ತೆಳ್ಳನೆಯ ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು, ಬೆಳಗಿನ ಮಳೆಯಲ್ಲಿ ನೆನೆಯುತ್ತಾ.

ವೂಯಿ ಇರುವುದು ಆಗ್ನೇಯ ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ, ಅದರ ಉತ್ತರದ ತುದಿಗೆ. ಕೆಲಸದ ಮೇಲೆ ಫೂಜೋ ನಗರಕ್ಕೆ ಹೋಗಿದ್ದೆ. ಒಂದು ದಿನ ಬಿಡುವು ಸಿಕ್ಕಿತು. ಅಲ್ಲಿಯ ಸಹೋದ್ಯೋಗಿ ಒಬ್ಬಳು ತಾನೂ ಬರುತ್ತೇನೆ ಅಂದಳು, ಹಿಂದಿನ ಸಂಜೆಯೇ ವೇಗದ ರೈಲು ಹತ್ತಿದೆವು, ಹೊಳೆಯ ದಂಡೆಯ ಶಿಂಗ್‌ತ್ಸುನ್ ಅನ್ನುವ ಊರಿನಲ್ಲಿ ಉಳಿದುಕೊಂಡೆವು. ಮೇ ತಿಂಗಳು. ಚಹಾ ಸೊಪ್ಪು ಕೊಯ್ಯುವ ಕಾಲ. ರಾತ್ರಿ ಹತ್ತು ಗಂಟೆಗೂ ಬೀದಿಯಲ್ಲಿ ಹಸಿ ಸೊಪ್ಪಿನ ವಾಸನೆ, ಹುರಿಯುವ ಮನೆಗಳ ದೀಪ.

ಈ ಬೆಟ್ಟವನ್ನು 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಡು, ಹೊಳೆ, ಬಂಡೆಗಳಿಗಾಗಿ ಒಂದು ಲೆಕ್ಕ, ಮನುಷ್ಯರು ಇಲ್ಲಿ ಮಾಡಿಟ್ಟು ಹೋದದ್ದಕ್ಕೆ ಇನ್ನೊಂದು ಲೆಕ್ಕ. ಆ ಎರಡನೇ ಲೆಕ್ಕದಲ್ಲಿ ಮುಖ್ಯವಾಗಿ ಇರುವುದು ಒಬ್ಬ ಮೇಷ್ಟ್ರು. ಹೆಸರು ಝೂ ಶೀ. ಹುಟ್ಟಿದ್ದು 1130, ತೀರಿಕೊಂಡಿದ್ದು 1200. ಕನ್ಫ್ಯೂಷಿಯಸ್ ಆಗಿಹೋಗಿ 1600 ವರ್ಷ ಕಳೆದ ಮೇಲೆ ಅವನ ಮಾತುಗಳನ್ನು ಹೊಸದಾಗಿ ಕೂಡಿಸಿ, ಅರ್ಥ ಬಿಡಿಸಿ ಕೊಟ್ಟವರಲ್ಲಿ ಇವನೇ ದೊಡ್ಡವನು. ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ಅಪ್ಪನ ಸ್ನೇಹಿತರು ಈ ಬೆಟ್ಟದ ಸೀಮೆಯ ವೂಫೂ ಊರಿನಲ್ಲಿ ತಾಯಿ ಮಗನನ್ನು ಇರಿಸಿಕೊಂಡು ಸಾಕಿದರು. ಆಮೇಲೆ ಅವನ ಬದುಕಿನ ಹೆಚ್ಚಿನ ಪಾಲು ಕಳೆದದ್ದು ಈ ಆಸುಪಾಸಿನಲ್ಲೇ.

ಸರಿ, ತೆಪ್ಪಕ್ಕೆ ಬರೋಣ. ದಪ್ಪ ಬಿದಿರುಗಳನ್ನು ಒತ್ತಾಗಿ ಕಟ್ಟಿ, ಮುಂದಿನ ತುದಿಯನ್ನು ಸ್ವಲ್ಪ ಮೇಲಕ್ಕೆ ಬಗ್ಗಿಸಿದ್ದಾರೆ. ಮೇಲೆ ಆರು ಬಿದಿರಿನ ಕುರ್ಚಿ. ಮುಂದೊಬ್ಬ, ಹಿಂದೊಬ್ಬ, ಕೈಯಲ್ಲಿ ಉದ್ದನೆಯ ಗಳ. ಹುಟ್ಟು ಇಲ್ಲ, ಮೋಟಾರು ಇಲ್ಲ. ನೀರು ಎಳೆದುಕೊಂಡು ಹೋಗುತ್ತದೆ, ಇವರು ಬಂಡೆಗೆ ಬಡಿಯದ ಹಾಗೆ ತಳ್ಳುತ್ತಾರೆ, ಅಷ್ಟೇ. ಬಿದಿರಿನ ಸಂದಿನಿಂದ ನೀರು ಚಿಮ್ಮಿ ಶೂ ಒದ್ದೆಯಾಗುತ್ತದೆ. ಹೊಳೆಗೆ ಒಂಬತ್ತು ತಿರುವು, ಹೆಸರೇ ಒಂಬತ್ತು ತಿರುವಿನ ಹೊಳೆ. ಒಂಬತ್ತೂವರೆ ಕಿಲೋಮೀಟರ್ ದಾರಿ, ಹೆಚ್ಚು ಕಡಿಮೆ ಒಂದೂವರೆ ಗಂಟೆ.

ಎರಡೂ ಕಡೆ ಕೆಂಪು ಮರಳುಗಲ್ಲಿನ ಗೋಡೆಗಳು. ಬಾದಾಮಿ ನೋಡಿದವರಿಗೆ ಆ ಬಣ್ಣ ಗೊತ್ತು. ಅದೇ ಬಂಡೆಗೆ ತಲೆಯ ಮೇಲೆ ಕಾಡು ಹೊದಿಸಿ, ಕಾಲ ಬುಡದಲ್ಲಿ ಹಸಿರು ಹೊಳೆ ಹರಿಸಿದರೆ ಹೇಗೆ, ಹಾಗೆ. ಮಳೆ ಬಿದ್ದಾಗ ಬಂಡೆಯ ಮೇಲಿಂದ ಕಪ್ಪು ಗೆರೆಗಳು ಇಳಿಯುತ್ತವೆ, ಯಾರೋ ಶಾಯಿ ಚೆಲ್ಲಿದಂತೆ.

ಇಲ್ಲಿ ಒಂದು ತಮಾಷೆ ಇದೆ. 1184ರಲ್ಲಿ ಝೂ ಶೀ ಈ ಹೊಳೆಯ ಮೇಲೆ ಒಂದು ಹಾಡು ಬರೆದ, ದೋಣಿಯವರು ಹಾಡುವ ಧಾಟಿಯಲ್ಲಿ. ಪೀಠಿಕೆಗೆ ಒಂದು ಪದ್ಯ, ತಿರುವಿಗೊಂದು ಪದ್ಯ, ಒಟ್ಟು ಹತ್ತು. ಅವನು ಕೆಳಗಿನ ಒಂದನೇ ತಿರುವಿನಿಂದ ಹೊರಟು, ನೀರಿಗೆ ಎದುರಾಗಿ ಒಂಬತ್ತಕ್ಕೆ ಏರುತ್ತಾನೆ. ನಾವು, ಟಿಕೆಟ್ ಕೊಂಡ ಜನ, ಒಂಬತ್ತರಲ್ಲಿ ಹತ್ತಿ ಒಂದಕ್ಕೆ ಜಾರುತ್ತೇವೆ. ನನ್ನ ಗೆಳತಿ ಫೋನಿನಲ್ಲಿ ಆ ಹಾಡು ತೆಗೆದು, ತಿರುವು ಬಂದಾಗಲೆಲ್ಲ ಅರ್ಥ ಹೇಳುತ್ತಿದ್ದಳು, ಅಂದರೆ ಇಡೀ ಹಾಡನ್ನು ನಾನು ಕೊನೆಯಿಂದ ಕೇಳಿದೆ. ಮುಂದೆ ಕೊರಿಯಾದ ಪಂಡಿತರು ಈ ಹಾಡನ್ನು ಬಹಳ ಗಂಭೀರವಾಗಿ ತಗೊಂಡರು. ಇದು ಬರೀ ಹೊಳೆಯಲ್ಲ, ಕಲಿಯುವವನು ಮೆಟ್ಟಿಲು ಮೆಟ್ಟಿಲಾಗಿ ಏರುವ ದಾರಿ ಅಂತ ಕೆಲವರು, ಅಲ್ಲಪ್ಪಾ, ಸುಮ್ನೆ ಹೊಳೆ ನೋಡಿ ಖುಷಿಯಾಗಿ ಬರೆದದ್ದು ಅಂತ ಇನ್ನು ಕೆಲವರು. ತಮ್ಮೂರ ಹೊಳೆಗಳಿಗೂ ಒಂಬತ್ತು ತಿರುವು ಎಣಿಸಿ ಹೆಸರಿಟ್ಟು ಹಾಡು ಕಟ್ಟಿದರು. ನನ್ನನ್ನು ಕೇಳಿದರೆ ಎರಡನೆಯವರ ಕಡೆ ನಾನು. ತೆಪ್ಪದ ಮೇಲೆ ಕೂತಾಗ ಹೊಳೆ ಹೊಳೆಯಾಗಿಯೇ ಸಾಕಷ್ಟಿತ್ತು.

ಆರನೇ ತಿರುವಿನಲ್ಲಿ ಗಳದವನು ಬಂಡೆಯ ಕಡೆ ಕೈ ತೋರಿಸಿದ. ಕೆತ್ತಿದ ನಾಲ್ಕು ಅಕ್ಷರ. ಝೂ ಶೀಯ ಕೈಬರಹವಂತೆ. 'ಹೋಗುವುದೆಲ್ಲ ಹೀಗೆಯೇ' ಅಂತ ಅರ್ಥ. ಕನ್ಫ್ಯೂಷಿಯಸ್ ಒಮ್ಮೆ ಹೊಳೆಯ ದಂಡೆಯಲ್ಲಿ ನಿಂತು, ಹೋಗುವುದೆಲ್ಲ ಹೀಗೆಯೇ ಹೋಗುತ್ತದೆ, ಹಗಲೂ ಇಲ್ಲ ರಾತ್ರಿಯೂ ಇಲ್ಲ ಅಂದನಂತೆ. ಚೀನಾದ ಶಾಲೆ ಮಕ್ಕಳಿಗೂ ಗೊತ್ತಿರುವ ಮಾತು. ನನ್ನ ಗೆಳತಿ ಅದನ್ನು ಓದುತ್ತಿರುವಾಗಲೇ ತೆಪ್ಪ ಮುಂದೆ ಹೋಯಿತು. ಫೋಟೊ ತೆಗೆಯಲಿಕ್ಕೂ ಆಗಲಿಲ್ಲ. ಗಳದವನಿಗೆ ಇದು ದಿನಾ ಆಗುವ ವಿಷಯ ಇರಬೇಕು, ಜೋರಾಗಿ ನಕ್ಕ.

ಮೂರನೇ ತಿರುವಿನಲ್ಲಿ ಕತ್ತೆತ್ತಿ ನೋಡಿದರೆ, ಕಡಿದಾದ ಬಂಡೆಯ ಬಿರುಕಿನಲ್ಲಿ ಮರದ ತುಂಡುಗಳು ಕಾಣುತ್ತವೆ. ಶವಪೆಟ್ಟಿಗೆಗಳು, ದೋಣಿಯ ಆಕಾರದವು. 3000 ವರ್ಷಕ್ಕೂ ಹಿಂದಿನ ಜನ ಸತ್ತವರನ್ನು ಅಲ್ಲಿ ಇಟ್ಟಿದ್ದರು. ಅಷ್ಟು ಎತ್ತರಕ್ಕೆ ಹೇಗೆ ಸಾಗಿಸಿದರು? ಎಲ್ಲರೂ ಕೇಳುವ ಪ್ರಶ್ನೆ ಅದು. ಝೂ ಶೀ ಕೂಡ ಆ ಪದ್ಯದಲ್ಲಿ, ಈ ದೋಣಿ ಹುಟ್ಟು ನಿಲ್ಲಿಸಿ ಎಷ್ಟು ವರ್ಷ ಆಯಿತೋ ಅಂತ ಕೇಳುತ್ತಾನೆ. 800 ವರ್ಷದ ಹಿಂದಿನ ಮನುಷ್ಯ ನನ್ನ ಹಾಗೇ ಕತ್ತು ನೋಯಿಸಿಕೊಂಡು ಮೇಲೆ ನೋಡಿದ್ದ ಅನ್ನುವುದು ನನಗೆ ತುಂಬಾ ಹಿಡಿಸಿತು.

ಎರಡನೇ ತಿರುವಿನಲ್ಲಿ ಚೆಲುವೆ ಶಿಖರ, ಒಂದನೆಯದರಲ್ಲಿ ರಾಜ ಶಿಖರ. ಇಬ್ಬರೂ ಪ್ರೇಮಿಗಳಂತೆ. ಯಾರೋ ಚಾಡಿ ಹೇಳಿ ಕಲ್ಲು ಮಾಡಿಸಿದರಂತೆ, ಚಾಡಿಕೋರನೂ ಕಲ್ಲಾಗಿ ಇಬ್ಬರ ನಡುವೆಯೇ ನಿಂತಿದ್ದಾನೆ. ಕಥೆ ಯಾವ ಊರಿನಲ್ಲಾದರೂ ಇರುವಂಥದ್ದೇ. ಶಿಖರ ಮಾತ್ರ ನಿಜವಾಗಿಯೂ ಮುಡಿ ತುಂಬ ಹೂ ಮುಡಿದವಳ ಹಾಗೆ ಕಾಣುತ್ತದೆ.

ಇಳಿದ ಮೇಲೆ ಬಸ್ ಹತ್ತಿ ಮತ್ತೆ ಐದನೇ ತಿರುವಿಗೆ ಬಂದೆವು. ಝೂ ಶೀಯ ಪಾಠಶಾಲೆ ಇದ್ದದ್ದು ಅಲ್ಲಿ. 1183ರಲ್ಲಿ ಕಟ್ಟಿದ್ದು, ಶಿಷ್ಯರೇ ಕೈ ಹಚ್ಚಿ ಕಟ್ಟಿದ್ದು. ಈಗ ನಿಂತಿರುವುದು ಹೆಚ್ಚಿನದೆಲ್ಲ ಹೊಸ ಕಟ್ಟಡ, ಹಳೆಯ ಗೋಡೆಯ ಒಂದಷ್ಟು ಉಳಿದ ಭಾಗವನ್ನು ಜೋಪಾನವಾಗಿ ಇಟ್ಟಿದ್ದಾರೆ. ಒಳಗೆ ಗುರು ಶಿಷ್ಯರ ಗೊಂಬೆಗಳು. ನಿಜ ಹೇಳಬೇಕೆಂದರೆ ಗೊಂಬೆಗಳು ನನಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಆಗಿನ ಮುಖ್ಯ ಕೋಣೆಗೆ ಅವನು ಇಟ್ಟಿದ್ದ ಹೆಸರು ಹಿಡಿಸಿತು. ವಿವೇಕಿಗೆ ನೀರು ಇಷ್ಟ, ಕರುಣೆಯುಳ್ಳವನಿಗೆ ಬೆಟ್ಟ ಇಷ್ಟ ಅನ್ನುವ ಕನ್ಫ್ಯೂಷಿಯಸ್ ಮಾತಿನಿಂದ ಎತ್ತಿಕೊಂಡ ಹೆಸರು, ಕರುಣೆ ವಿವೇಕಗಳ ಕೋಣೆ. ಹಿಂದೆ ಬೆಟ್ಟ, ಮುಂದೆ ಹೊಳೆ. ಬೇರೆ ಏನು ಹೆಸರಿಡಲಿಕ್ಕೆ ಆಗುತ್ತಿತ್ತು?

ಹೊಳೆಯ ನಡುವೆ ಒಂದು ಬಂಡೆ ಇದೆ, ಚಹಾ ಒಲೆ ಅಂತ ಅದರ ಹೆಸರು. ಪಾಠ ಮುಗಿದ ಮೇಲೆ ಗುರು ಶಿಷ್ಯರು ಅಲ್ಲಿಗೆ ಹೋಗಿ, ಕಲ್ಲಿನ ಮೇಲೆ ಒಲೆ ಹಚ್ಚಿ, ಸುತ್ತ ನೀರು ಹರಿಯುತ್ತಿರುವಾಗ ಚಹಾ ಕಾಯಿಸಿ ಕುಡಿಯುತ್ತಿದ್ದರು. ಅದರ ಮೇಲೂ ಅವನದೊಂದು ಪದ್ಯ ಇದೆ.

ಕನ್ಫ್ಯೂಷಿಯಸ್ ಅಂದರೆ ಬರೀ ಶಿಸ್ತು, ಅಪ್ಪ ಹೇಳಿದ್ದು ಕೇಳು, ಅರಸನಿಗೆ ಬಗ್ಗು ಅಂತ ನಾನು ತಿಳಿದಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ಝೂ ಶೀ ನಾಲ್ಕು ಪುಸ್ತಕಗಳನ್ನು ಆರಿಸಿ ಬರೆದ ವ್ಯಾಖ್ಯಾನವನ್ನೇ 1313ರಲ್ಲಿ ಸರ್ಕಾರಿ ಪರೀಕ್ಷೆಗೆ ಪಠ್ಯ ಮಾಡಿದರು. ಪರೀಕ್ಷೆ ರದ್ದಾದದ್ದು 1905ರಲ್ಲಿ. ಸುಮಾರು 600 ವರ್ಷ ಹುಡುಗರು ಅದನ್ನು ಉರು ಹೊಡೆದರು. ಹೊಗಳಿದವರ ಕೈಯಲ್ಲೇ ಅದು ಗಟ್ಟಿ ಕಲ್ಲಾಯಿತು. ವಿಧವೆ ಹಸಿದು ಸತ್ತರೂ ಸರಿ, ಮತ್ತೆ ಮದುವೆಯಾಗಬಾರದು ಅನ್ನುವ, ತನಗಿಂತ ಹಿಂದಿನ ಪಂಡಿತ ಚೆಂಗ್ ಯಿಯ ಮಾತನ್ನು ಝೂ ಶೀ ಎತ್ತಿ ಹಿಡಿದಿದ್ದ, ಹೆಣ್ಣುಮಕ್ಕಳು ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಇದನ್ನು ಗೆಳತಿಯೇ ಹೇಳಿದ್ದು, ಗೊಂಬೆಗಳ ಮುಂದೆ ನಿಂತು, ಸ್ವಲ್ಪ ಸಿಟ್ಟಿನಿಂದಲೇ.

ಆದರೆ ಇನ್ನೊಂದು ಮುಖವೂ ಇದೆ ನೋಡಿ. ಸಾಯುವ ಹೊತ್ತಿಗೆ ಇದೇ ಮನುಷ್ಯನ ಪಾಠವನ್ನು ಆಸ್ಥಾನದವರು ಸುಳ್ಳು ವಿದ್ಯೆ ಅಂತ ನಿಷೇಧಿಸಿದ್ದರು. ಒಂದೊಂದು ವಸ್ತುವಿನ ಮುಂದೆಯೂ ಕೂತು ನೋಡು, ಅದು ಯಾಕೆ ಹಾಗಿದೆ ಅಂತ ಹುಡುಕು ಅನ್ನುವುದು ಅವನ ಪಾಠದ ತಿರುಳು. ಎತ್ತರದ ಬೆಟ್ಟದ ಕಲ್ಲಿನಲ್ಲಿ ಚಿಪ್ಪುಗಳನ್ನು ಕಂಡು, ಈ ಕಲ್ಲು ಹಿಂದೊಮ್ಮೆ ಮಣ್ಣಾಗಿತ್ತು, ಚಿಪ್ಪಿನ ಜೀವಿಗಳು ನೀರಿನಲ್ಲಿದ್ದವು, ತಗ್ಗು ಎತ್ತರವಾಗಿದೆ, ಮೆತ್ತಗಿದ್ದದ್ದು ಗಟ್ಟಿಯಾಗಿದೆ ಅಂತ ಶಿಷ್ಯರಿಗೆ ಹೇಳಿದ. 12ನೇ ಶತಮಾನದಲ್ಲಿ!

ಮಧ್ಯಾಹ್ನ ಊಟಕ್ಕೆ ಅನ್ನ, ಖಾರದ ಕಳಲೆ ಪಲ್ಯ. ಆ ಊರಿನ ಹೊಗೆ ಹಾಕಿದ ಬಾತುಕೋಳಿ ಜಾತಿಯ ಹಕ್ಕಿ ಬಹಳ ಪ್ರಸಿದ್ಧವಂತೆ, ನಾನು ಕಳಲೆಗೇ ನಿಂತೆ. ಮಲೆನಾಡಿನವರಿಗೆ ಮೋಸವಿಲ್ಲ.

ಊಟದ ಮೇಲೆ ತಿಯೆನ್‌ಯೋ ಶಿಖರ ಹತ್ತಿದೆವು. ಎತ್ತರ 408.8 ಮೀಟರ್, ಹೇಳಿಕೊಳ್ಳುವಂಥದ್ದೇನಲ್ಲ ಅನ್ನಿಸುತ್ತದೆ, ಹತ್ತುವವರೆಗೆ. ಬೋಳು ಬಂಡೆಯ ಅಂಚಿಗೆ 800ಕ್ಕೂ ಜಾಸ್ತಿ ಮೆಟ್ಟಿಲು, ಮಳೆಗೆ ಜಾರು, ಹಿಂದೆ ಮುಂದೆ ಜನ, ನಿಲ್ಲಲಿಕ್ಕೂ ಆಗದು, ನಿಂತರೆ ಹಿಂದಿನವರು ಏದುಸಿರಲ್ಲೇ ಬೈಯುತ್ತಾರೆ. ಒಮ್ಮೆ ಜಾರಿ ಮೊಣಕಾಲು ತರಚಿತು. ಮೇಲೆ ಹೋಗುವಷ್ಟರಲ್ಲಿ ಮಳೆ ನಿಂತಿತ್ತು. ಮಂಜು ಪದರ ಪದರವಾಗಿ ಏಳುತ್ತಿತ್ತು, ಅದರ ಕೆಳಗೆ ಹೊಳೆ ತಿರುಗಿಕೊಂಡು ಬರುತ್ತಿತ್ತು, ಹೊಳೆಯ ಮೇಲೆ ತೆಪ್ಪಗಳು ಬೆಂಕಿಕಡ್ಡಿಯಷ್ಟೇ ಸಣ್ಣಗೆ. ಬೆಳಿಗ್ಗೆ ಅದರಲ್ಲೊಂದು ಕಡ್ಡಿಯ ಮೇಲೆ ನಾನಿದ್ದೆ.

ಚಹಾದ ಬಗ್ಗೆ ಹೇಳದೆ ಬಿಟ್ಟರೆ ಆ ಊರಿನವರು ನನ್ನನ್ನು ಬಿಡುವುದಿಲ್ಲ. ಬಂಡೆಯ ಸಂದಿಗಳಲ್ಲಿ ಬೆಳೆದು, ಇದ್ದಿಲಿನ ಶಾಖದಲ್ಲಿ ಹದವಾಗಿ ಹುರಿದ ಬಂಡೆ ಚಹಾ. ದಾ ಹೋಂಗ್ ಪಾವ್ ಅನ್ನುವುದು ಅದರಲ್ಲಿ ದೊಡ್ಡ ಹೆಸರು. ಅದರ ತಾಯಿಗಿಡಗಳು ಆರೇ ಆರು, ಒಂದು ಬಂಡೆಯ ಪಡಸಾಲೆಯಂಥ ಜಾಗದಲ್ಲಿವೆ, 2006ರಿಂದ ಅವುಗಳ ಎಲೆ ಕೊಯ್ಯುವುದನ್ನು ನಿಲ್ಲಿಸಿದ್ದಾರೆ. ನಾವು ಕುಡಿಯುವುದು ಮಕ್ಕಳು ಮೊಮ್ಮಕ್ಕಳ ಎಲೆ. ಹಾಲಿಲ್ಲ, ಸಕ್ಕರೆಯಿಲ್ಲ. ಮೊದಲ ಗುಟುಕಿಗೆ ಹೊಗೆ, ಮೂರನೆಯದಕ್ಕೆ ಏನೋ ಹೂವು.

ಅಂದ ಹಾಗೆ, ನಮ್ಮಲ್ಲಿ ಬೆಳಗಾವಿ, ಧಾರವಾಡದ ಕಡೆ ಚಹಾ, ಮೈಸೂರಿನ ಕಡೆ ಟೀ, ಅಲ್ವಾ? ಎರಡೂ ಚೀನಾದ ಒಂದೇ ಅಕ್ಷರದ ಎರಡು ಉಚ್ಚಾರ. ಹೆಚ್ಚಿನ ಕಡೆ ಅದು ಚಾ. ಇದೇ ಫುಜಿಯಾನಿನ ದಕ್ಷಿಣ ಕರಾವಳಿಯಲ್ಲಿ ತೆ. ಅಲ್ಲಿಂದ ಡಚ್ಚರ ಹಡಗು ಹತ್ತಿ ಇಂಗ್ಲಿಷಿಗೆ ಹೋಗಿ ಟೀ ಆಗಿ ನಮ್ಮ ಹೋಟೆಲಿಗೆ ಬಂತು. ಇದನ್ನು ಗೆಳತಿಗೆ ಹೇಳಿದೆ. ಹಾಗಾದರೆ ನಿನ್ನ ಮನೆಯಲ್ಲಿ ಏನನ್ನುತ್ತೀರಿ ಅಂದಳು. ಕಾಫಿ ಅಂದೆ.

ಸಂಜೆ ಶಿಂಗ್‌ತ್ಸುನ್‌ಗೆ ವಾಪಸ್ಸು. ಅದೇ ಒಂಬತ್ತನೇ ತಿರುವು. ಬೆಳಿಗ್ಗೆ ಕ್ಯೂ ಗಡಿಬಿಡಿಯಲ್ಲಿ ಆ ಪದ್ಯವನ್ನು ಸರಿಯಾಗಿ ಕೇಳಿರಲಿಲ್ಲ, ಗೆಳತಿಯ ಹತ್ತಿರ ಮತ್ತೆ ಹೇಳಿಸಿಕೊಂಡೆ. ಅಷ್ಟೆಲ್ಲ ಶಿಖರ ದಾಟಿ ಬಂದವನಿಗೆ ಕೊನೆಗೆ ಸಿಗುವುದು ಬಯಲು, ಹಿಪ್ಪುನೇರಳೆ, ಸೆಣಬು, ಮಳೆ ಇಬ್ಬನಿ ಬಿದ್ದ ಹೊಲ. ಮೀನುಗಾರ ಇನ್ನೂ ಎಲ್ಲೋ ಸ್ವರ್ಗದ ದಾರಿ ಹುಡುಕುತ್ತಿರುತ್ತಾನೆ. ಈಗ ಅಲ್ಲಿ ಹಿಪ್ಪುನೇರಳೆಯ ಜಾಗದಲ್ಲಿ ಚಹಾ. ಅಜ್ಜಿಯೊಬ್ಬರು ಬಾಗಿಲ ಮುಂದೆ ಬಿದಿರಿನ ಮೊರಗಳಲ್ಲಿ ಸೊಪ್ಪು ಹರವಿ ಬಾಡಿಸುತ್ತಿದ್ದರು. ನಾವು ಕಟ್ಟೆಯ ಮೇಲೆ ಕೂತಿದ್ದೆವು, ಒದ್ದೆ ಶೂ ಬಿಚ್ಚಿಟ್ಟು.

ಆಗ ಒಂದು ಲಾರಿ ಬಂತು. ಮೇಲೆ ಬೆಳಗಿನ ತೆಪ್ಪಗಳು, ಒಂದರ ಮೇಲೊಂದು ಹೇರಿ ಹಗ್ಗ ಬಿಗಿದಿದ್ದಾರೆ, ಇನ್ನೂ ನೀರು ತೊಟ್ಟಿಕ್ಕುತ್ತಿದೆ. ನೀರಿಗೆ ಎದುರಾಗಿ ಗಳ ಹಾಕಿ ತರುವವರು ಈಗ ಯಾರಿದ್ದಾರೆ? ಒಂದನೇ ತಿರುವಿನಿಂದ ಒಂಬತ್ತಕ್ಕೆ, ಝೂ ಶೀ ಹಾಡಿದ ದಿಕ್ಕಿನಲ್ಲಿ, ಲಾರಿ ಹಾರ್ನ್ ಹೊಡೆಯುತ್ತಾ ಬಂದು ದಂಡೆಯಲ್ಲಿ ನಿಂತಿತು. ಅಜ್ಜಿ ಧೂಳಿಗೆ ಬೈಯುತ್ತಾ ಮೊರಗಳನ್ನು ಒಳಗೆ ಎತ್ತಿಕೊಂಡರು.

ನಮಸ್ಕಾರ.