ಸ್ಮಾಗ್ ಚೆಕ್‌ಗೆ ಮುಂಚೆ ಆ ಅಳಿಸುವ ಬಟನ್ ಒತ್ತಬೇಡಿ

ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾರು ಇಟ್ಟುಕೊಂಡಿರುವ ನಮ್ಮವರೇ, ಇವತ್ತಿನ ಮಾತು ನಿಮಗೆ.

ನನ್ನ 2012ರ ಕಾರಿಗೆ ಸ್ಮಾಗ್ ಚೆಕ್, ಅಂದರೆ ಇಲ್ಲಿನ ಹೊಗೆ ತಪಾಸಣೆ, ಮಾಡಿಸಿ ಅಂತ ಪತ್ರ ಬಂತು. ಅದೇ ವಾರ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು, ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರ್ ಬರೆದಿಟ್ಟಿದ್ದ ದೋಷದ ಕೋಡ್ ಅಳಿಸಿದರು. "ಲೈಟ್ ಹೋಯ್ತು, ಈಗಲೇ ಟೆಸ್ಟ್ ಮಾಡಿಸಿ" ಅಂದರು. ನೇರ ಹೋದೆ. ಫೇಲ್! ಹೊಗೆ ಜಾಸ್ತಿ ಅಂತಲ್ಲ, ಕಾರು ಇನ್ನೂ ರೆಡಿ ಇಲ್ಲ ಅಂತ.

ಊರಲ್ಲಾದರೆ ಎಮಿಷನ್ ಟೆಸ್ಟ್ ಅಂದರೆ ಸೈಲೆನ್ಸರ್ ಒಳಗೆ ಕೊಳವೆ ತೂರಿಸುತ್ತಾರೆ, ಅಲ್ವಾ? ಇಲ್ಲಿ 2000ನೇ ಇಸವಿ ಮತ್ತು ಆಮೇಲಿನ ಪೆಟ್ರೋಲ್ ಕಾರುಗಳಿಗೆ ಆ ಕೊಳವೆ ಇಲ್ಲ. ಸ್ಟೀರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್‌ಗೆ ಕೇಬಲ್ ಹಾಕಿ ಕಾರಿನ ಕಂಪ್ಯೂಟರನ್ನೇ ಕೇಳುತ್ತಾರೆ. ಅದು ಓಡುತ್ತಾ ಓಡುತ್ತಾ ತನ್ನ ಹೊಗೆ ವ್ಯವಸ್ಥೆಯನ್ನು ತಾನೇ ಪರೀಕ್ಷೆ ಮಾಡಿಕೊಂಡಿರುತ್ತದೆ. ಕೋಡ್ ಅಳಿಸಿದರೆ ಆ ಫಲಿತಾಂಶವೂ ಹೋಗುತ್ತದೆ. ಬ್ಯಾಟರಿ ಕಳಚಿದರೂ ಸಾಮಾನ್ಯವಾಗಿ ಅದೇ ಗತಿ. ಸ್ಲೇಟು ಒರೆಸಿಬಿಟ್ಟು ಉತ್ತರ ತೋರಿಸು ಅಂದ ಹಾಗೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಸ್ಕ್ಯಾನರ್ ಇರುವುದು ನೋಡಲಿಕ್ಕೆ. ಅಳಿಸುವುದು ರಿಪೇರಿ ಅಲ್ಲ.

ರೆಡಿನೆಸ್, ಅಂದರೆ ಕಾರಿನ ಯಾವ ಯಾವ ಪರೀಕ್ಷೆ ಮುಗಿದಿದೆ ಅನ್ನುವುದನ್ನು, ತೋರಿಸುವ ಒಂದು ಸಾಧಾರಣ ಸ್ಕ್ಯಾನರ್ ಸಾಕು. ನನ್ನದರಲ್ಲಿ ನೋಡಿದೆ: ಮಿಸ್‌ಫೈರ್ (ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು), ಫ್ಯೂಯಲ್ ಸಿಸ್ಟಮ್ ಮುಂದೆ ಹಸಿರು. ಕ್ಯಾಟಲಿಸ್ಟ್ (ಹೊಗೆ ಶುದ್ಧ ಮಾಡುವ ಭಾಗ), ಆಕ್ಸಿಜನ್ ಸೆನ್ಸರ್, ಇವ್ಯಾಪ್ (ಪೆಟ್ರೋಲ್ ಆವಿ ಹಿಡಿದಿಡುವ ವ್ಯವಸ್ಥೆ) ಮುಂದೆ ಇನ್‌ಕಂಪ್ಲೀಟ್. ಇವು ಸುಮ್ನೆ ಮನೆ ಮುಂದೆ ಎಂಜಿನ್ ಆನ್ ಮಾಡಿಟ್ಟರೆ ಮುಗಿಯುವುದಿಲ್ಲ.

ರಾತ್ರಿಯೆಲ್ಲ ನಿಂತು ಪೂರ್ತಿ ತಣ್ಣಗಾದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಬೇಕು. ಎಂಜಿನ್ ಬಿಸಿಯಾದ ಮೇಲೆ ಫ್ರೀವೇಯಲ್ಲಿ ಗಂಟೆಗೆ 55 ಮೈಲಿಯ ಆಸುಪಾಸು ಒಂದೇ ಸಮ ಓಡಿಸಬೇಕು. ಜಾಗ ಇದ್ದಾಗ ಬ್ರೇಕ್ ಒತ್ತದೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ತಾನಾಗಿ ನಿಧಾನವಾಗಲು ಬಿಡಬೇಕು. ಕಂಪನಿಯಿಂದ ಕಂಪನಿಗೆ ಕ್ರಮ ಬೇರೆ, ನಿಮ್ಮ ಕಾರಿನದ್ದು ಹುಡುಕಿ ನೋಡಿ. ಕ್ಯಾಟಲಿಸ್ಟ್ ಪರೀಕ್ಷೆ ನನಗೆ ತುಂಬಾ ಇಷ್ಟ. ಅದರ ಮುಂದೊಂದು, ಹಿಂದೊಂದು ಸೆನ್ಸರ್. ಮುಂದಿನದರ ಲೆಕ್ಕ ಏರಿಳಿಯುತ್ತಾ ಇರುತ್ತದೆ. ಕ್ಯಾಟಲಿಸ್ಟ್ ಚೆನ್ನಾಗಿದ್ದರೆ ಹಿಂದಿನದು ಹೆಚ್ಚು ಅಲ್ಲಾಡುವುದಿಲ್ಲ. ಹಿಂದಿನದೂ ಕುಣಿಯತೊಡಗಿದರೆ ಕ್ಯಾಟಲಿಸ್ಟ್ ಸೋತಿದೆ ಅಂತ ಕಂಪ್ಯೂಟರ್‌ಗೆ ಅನುಮಾನ ಬರುತ್ತದೆ. ಸ್ಕ್ಯಾನರಿನಲ್ಲಿ ಇದನ್ನು ಪಕ್ಕದಲ್ಲಿ ಕೂತವರು ನೋಡಲಿ, ನಿಮ್ಮ ಕಣ್ಣು ರಸ್ತೆ ಮೇಲಿರಲಿ.

ಇವ್ಯಾಪ್ ಮಾತ್ರ ಸತಾಯಿಸುತ್ತದೆ. ಪೆಟ್ರೋಲ್ ಆವಿ ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡುವ ಪರೀಕ್ಷೆ ಅದು. ಟ್ಯಾಂಕ್ ಪೂರ್ತಿ ತುಂಬಿದ್ದರೂ, ತೀರಾ ಖಾಲಿ ಇದ್ದರೂ ಶುರುವೇ ಆಗುವುದಿಲ್ಲ. ಅರ್ಧದ ಆಸುಪಾಸು ಇಟ್ಟುಕೊಳ್ಳಿ. ಆದರೂ ಆಗಲಿಲ್ಲವಾ? ಚಿಂತೆ ಬೇಡ. 2000 ಮತ್ತು ಆಮೇಲಿನ ಪೆಟ್ರೋಲ್ ಕಾರಿಗೆ ಇದೊಂದು ಬಾಕಿ ಇದ್ದರೂ ಇಲ್ಲಿ ನಡೆಯುತ್ತದೆ.

ಇನ್ನೊಂದು ವಿಷಯ. 2019ರ ಜುಲೈಯಿಂದ, 2010 ಮತ್ತು ಆಮೇಲಿನ ಮಾಡೆಲ್‌ಗಳಲ್ಲಿ ಪರ್ಮನೆಂಟ್ ಕೋಡ್ ಕೂಡ ನೋಡುತ್ತಾರೆ. ಅದನ್ನು ಯಾವ ಸ್ಕ್ಯಾನರಿನಿಂದಲೂ ಅಳಿಸಲು ಬರುವುದಿಲ್ಲ. ದೋಷ ಹೋಗಿದೆ ಅಂತ ಕಾರಿಗೇ ಖಾತ್ರಿಯಾದ ಮೇಲೆ ತಾನೇ ಅಳಿಸುತ್ತದೆ.

ಇದೆಲ್ಲ ಬಡಪಾಯಿಗಳಿಗೆ ಕಿರುಕುಳ ಅನ್ನುವವರಿದ್ದಾರೆ. ಕೆಲಸಕ್ಕೆ ಹೋಗಲು ಅದೊಂದೇ ಕಾರು ಇರುವವರ ಕಷ್ಟ ನನಗೂ ಅರ್ಥವಾಗುತ್ತದೆ. ಆದರೂ ನಿಯಮ ಸರಿಯಾಗಿದೆ ಅಂತಲೇ ಹೇಳುತ್ತೇನೆ. ಕೋಡ್ ಅಳಿಸಿ ತಪ್ಪಿಸಿಕೊಂಡ ಕಾರಿನ ಹೊಗೆ ಕುಡಿಯುವವರು ಗಾಳಿ ಕೆಟ್ಟಿರುವ ಇಲ್ಲಿನ ಸೆಂಟ್ರಲ್ ವ್ಯಾಲಿ ಕಣಿವೆಯ ಮಕ್ಕಳು. ನನ್ನ ಸಿಟ್ಟು ಇರುವುದು ವಿಷಯ ಹೇಳದೆ ಕಳಿಸುವ ಗ್ಯಾರೇಜುಗಳ ಮೇಲೆ. ಬಿಲ್ ಕೊಡುವಾಗ ರೆಡಿನೆಸ್ ಪುಟವನ್ನೂ ತೋರಿಸಿ, "ಒಂದು ವಾರ ಓಡಿಸಿ, ಆಮೇಲೆ ಹೋಗಿ" ಅನ್ನಲಿ. ಅನ್ನದಿದ್ದರೆ ನೀವೇ ಕೇಳಿ.

ನಾನು ಎಂಟು ದಿನ ಓಡಿಸಿದೆ. ಎಂಟನೇ ಬೆಳಿಗ್ಗೆ ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್ ಎರಡರ ಮುಂದೆಯೂ ಹಸಿರು ಇತ್ತು, ಪರ್ಮನೆಂಟ್ ಕೋಡ್ ಹೋಗಿತ್ತು. ಇವ್ಯಾಪ್ ಇನ್ನೂ ಬಾಕಿ ಇತ್ತು. ಮಧ್ಯಾಹ್ನ ಹೋಗಿ ಟೆಸ್ಟ್ ಮಾಡಿಸಿದೆ, ಪಾಸಾಯಿತು.